ಅವ್ವನ ಕಣ್ಣೊಳಗಿನ ಬಾಗಿಲು

ಯಾವ ಫೋಟೋವನ್ನೂ ನಾನು ಒಂದೇ ನೋಟಕ್ಕೆ ನಂಬಿದವಳಲ್ಲ. ಹಳಿಯಾಳದ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಫೋಟೋ ತೆಗೆಯುವುದು, ಹಳೆಯದನ್ನು ರಿಪೇರಿ ಮಾಡುವುದು, ಪ್ರಿಂಟ್ ಹಾಕುವುದು, ಕಟ್ಟು ಹಾಕಿ ಕೊಡುವುದು, ಎಲ್ಲ ನಾನೇ. ಯಾರಾದರೂ ಪೆನ್‌ಡ್ರೈವ್ ತಂದುಕೊಟ್ಟರೆ ಸಾಕು, ಫೋಟೋ ತೆರೆದ ಕೂಡಲೇ ನನ್ನ ಕೈ ತಾನಾಗಿಯೇ ಅದನ್ನು ದೊಡ್ಡದು ಮಾಡುತ್ತ ಹೋಗುತ್ತದೆ. ಮುಖ ಹೋಗಿ ಕಣ್ಣಾಗುತ್ತದೆ, ಕಣ್ಣು ಹೋಗಿ ರೆಪ್ಪೆಯಾಗುತ್ತದೆ, ರೆಪ್ಪೆ ಹೋಗಿ ಬರೀ ಚೌಕ ಚೌಕ ಬಣ್ಣವಾಗುತ್ತದೆ. ಗಿರಾಕಿಗಳಿಗೆ ಇದು ಸೇರುವುದಿಲ್ಲ. "ಅಕ್ಕಾರ, ಪ್ರಿಂಟ್ ಹಾಕ್ರಿ ಸಾಕು, ಪೋಸ್ಟ್‌ಮಾರ್ಟಮ್ ಯಾಕ?" ಎನ್ನುತ್ತಾರೆ. ಬೆನ್ನ ಹಿಂದೆ ಸಂಶಯದ ಪಿಶಾಚಿ ಎನ್ನುತ್ತಾರೆ ಎಂಬುದೂ ನನಗೆ ಗೊತ್ತು. ಅನ್ನಲಿ, ನನ್ನದೇನು ಹೋಗುತ್ತದೆ.

ಹೋದ ಚಳಿಗಾಲದಲ್ಲಿ ದಾಂಡೇಲಿಯ ಗೈಡ್ ಒಬ್ಬ ಹಾರ್ನ್‌ಬಿಲ್ ಹಕ್ಕಿಯ ಫೋಟೋ ತಂದ. ಯಾವುದೋ ರೆಸಾರ್ಟಿನ ಗೋಡೆಗೆ ದೊಡ್ಡದಾಗಿ ಬೇಕಂತೆ. "ಕುಳಗಿ ಕಡೆ ಸಿಕ್ಕಿತ್ರಿ, ಮೈಮ್ಯಾಲ ಇರುವಿ ಹರದಾಡಿದ್ರೂ ಅಲ್ಲಾಡದ ಕುಂತು ತಗದೀನಿ" ಎಂದ. ನಾನು ದೊಡ್ಡದು ಮಾಡಿದೆ. ಕೊಕ್ಕಿನ ನೆರಳು ಎಡಕ್ಕಿತ್ತು, ಅದು ಕೂತ ಕೊಂಬೆಯ ನೆರಳು ಬಲಕ್ಕಿತ್ತು. ರೆಕ್ಕೆಯ ಅಂಚಿಗೆ ಎಳೆಯಷ್ಟು ಆಕಾಶದ ನೀಲಿ ಅಂಟಿಕೊಂಡಿತ್ತು, ಹಿಂದಿದ್ದದ್ದು ಮಾತ್ರ ಹಸಿರು ಕಾಡು. "ತಮ್ಮಾ, ಹಕ್ಕಿ ಮುಂಜಾನಿ ಸಿಕ್ಕೈತಿ, ಗಿಡ ಸಂಜೀಮುಂದ ಸಿಕ್ಕೈತಿ. ನಡುವ ನೀ ಎಲ್ಲಿ ಹೋಗಿದ್ದಿ?" ಎಂದು ಕೇಳಿದೆ. ಅವನ ಮುಖ ಹುಳ್ಳಗಾಯಿತು. ಆಮೇಲೆ ತಾನೇ ನಕ್ಕು, ಬೇರೆ ಕಡೆ ಪ್ರಿಂಟ್ ಹಾಕಿಸಿಕೊಳ್ಳುತ್ತೇನೆಂದು ಹೋದ. ನನ್ನ ಮದುವೆಗೆಂದು ಬಂದ ಗಂಡುಗಳ ಫೋಟೋಗಳನ್ನೂ ಹೀಗೆ ನೋಡಿ ನೋಡಿಯೇ ಇವಳು ಅಪ್ಪನ ಮನೆಯಲ್ಲಿ ಉಳಿದಳು ಎಂದು ನನ್ನ ತಮ್ಮ ಕೆಣಕುತ್ತಾನೆ. ಪೂರ್ತಿ ಸುಳ್ಳೇನಲ್ಲ.

ನನಗೆ ಈ ಗುಣ ಅಂಟಿದ್ದು ಕಸುಬಿನಿಂದ. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ವಾಲದಂತೆ ಬಟ್ಟೆಯಿಂದ ಹಿಂದಕ್ಕೆ ಕಟ್ಟುತ್ತಾರೆ, ಇಲ್ಲವೇ ಯಾರಾದರೂ ಹಿಂದಿನಿಂದ ಹಿಡಿದುಕೊಳ್ಳುತ್ತಾರೆ. ದೂರದಿಂದ ನೋಡಿದರೆ ಪೂಜೆಗೆ ಕೂತಂತೆಯೇ ಕಾಣುತ್ತದೆ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳದವರಿಗೂ ಅವತ್ತು ಫೋಟೋ ತೆಗೆಸುತ್ತಾರೆ. ಕೆಲವು ದಿನ ಕಳೆದ ಮೇಲೆ ಆ ಫೋಟೋ ಸ್ಟುಡಿಯೋಗೆ ಬರುತ್ತದೆ. "ಕಣ್ಣ ತಗಸೂದಿತ್ರೀ" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆದುಕೊಡುವುದು ನಮ್ಮ ಕಡೆಯ ಸ್ಟುಡಿಯೋಗಳ ಹಳೆಯ ಕೆಲಸ. ಮೊದಲು ಕುಂಚದಲ್ಲಿ ಬರೆಯುತ್ತಿದ್ದರು, ಈಗ ನಾನು ಕಂಪ್ಯೂಟರಿನಲ್ಲಿ ಮಾಡುತ್ತೇನೆ.

ಅದರಲ್ಲಿ ಕಣ್ಣು ಬರೆಯುವುದು ಕಷ್ಟವಲ್ಲ, ಕಣ್ಣೊಳಗಿನ ಬೆಳಕು ಕಷ್ಟ. ಬದುಕಿದವರ ಕರಿಗುಡ್ಡೆಯ ಮೇಲೆ ಬೆಳಕಿನದೊಂದು ಚುಕ್ಕಿ ಇರುತ್ತದೆ. ಎದುರಿಗಿದ್ದ ಕಿಟಕಿಯೋ ದೀಪವೋ ಅಲ್ಲಿ ಸಣ್ಣಗೆ ಮೂಡಿರುತ್ತದೆ. ಆ ಚುಕ್ಕಿ ಇಲ್ಲದಿದ್ದರೆ ತೆರೆದ ಕಣ್ಣೂ ಸತ್ತ ಕಣ್ಣೇ. ಇನ್ನು ಚುಕ್ಕಿ ಇಟ್ಟರಷ್ಟೇ ಸಾಲದು. ಮೂಗಿನ ನೆರಳು ಬಲಕ್ಕೆ ಬಿದ್ದಿದ್ದರೆ ಬೆಳಕು ಎಡದಿಂದ ಬಂದಿದೆ ಎಂದರ್ಥ, ಚುಕ್ಕಿಯೂ ಎಡಕ್ಕೇ ಇರಬೇಕು. ಬಹಳ ಮಂದಿ ಇಲ್ಲೇ ಎಡವುತ್ತಾರೆ. ಹೀಗೆ ಎಡವಿದ ಫೋಟೋಗಳನ್ನು ನಾನು ಯಾರದಾದರೂ ಮನೆಗೆ ಊಟಕ್ಕೆ ಹೋದಾಗ ಗೋಡೆಯ ಮೇಲೆ ಕಂಡು, ತುತ್ತು ನುಂಗುತ್ತ ಸುಮ್ಮನಿದ್ದದ್ದುಂಟು.

ಇಷ್ಟೆಲ್ಲ ಗುಮಾನಿಯ ನಾನು ಒಂದೇ ಒಂದು ಫೋಟೋವನ್ನು ಎಂದೂ ದೊಡ್ಡದು ಮಾಡಿ ನೋಡಿರಲಿಲ್ಲ. ಅದು ನಮ್ಮ ಅವ್ವನದು.

ಅವ್ವ ಕಾಮಾಲೆಯಾಗಿ ತನ್ನ ತವರು ಮಳಗಿಯಲ್ಲಿ ತೀರಿಕೊಂಡಾಗ ನಾನಿನ್ನೂ ಸಾಲಿಗೆ ಹೋಗುತ್ತಿರಲಿಲ್ಲ, ತಮ್ಮ ತೊಟ್ಟಿಲಲ್ಲಿದ್ದ. ಅವಳದು ಇದ್ದದ್ದು ಒಂದೇ ಫೋಟೋ, ಕಪ್ಪು ಬಿಳುಪಿನದು, ಎದೆಯವರೆಗಿನದು. ತಲೆ ತುಂಬ ಸೆರಗು, ಹಣೆ ತುಂಬ ವಿಭೂತಿ, ನೆಟ್ಟಗೆ ನೋಡುವ ಎರಡು ಕಣ್ಣು. ಅಪ್ಪ ಅದರ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದಾನೋ. "ನಿನ್ನ ತಮ್ಮ ಹುಟ್ಟಿದ ಮ್ಯಾಲ ಮುಂಡಗೋಡದ ಸ್ಟುಡಿಯೋಕ್ಕ ಹೋಗಿದ್ವಿ. ಸೋಮವಾರಿತ್ತು, ಪೂಜಿ ಮುಗಿಸಿ ಹಂಗ ಬಂದಿದ್ಲು. ನೀ ಕ್ಯಾಮೆರಾದ ಬಾಜೂಕ ನಿಂತಿದ್ದಿ. ನೋಡ, ನಿನ್ನನ್ನ ನೋಡಾಕತ್ತಾಳ."

ನನಗೆ ಆ ದಿನ ನೆನಪೂ ಇತ್ತು. ಎತ್ತರದ ಸ್ಟೂಲಿನ ಮೇಲೆ ನಾನು ನಿಂತಿದ್ದೆ. ಗಡ್ಡದ ಮನುಷ್ಯನೊಬ್ಬ ನನ್ನ ಮುಖಕ್ಕೆ ಮುಖ ತಂದು, "ರೆಪ್ಪಿ ಬಡೀಬ್ಯಾಡ ಬೇಟಿ" ಎಂದಿದ್ದ. ಕೈಯಲ್ಲಿ ಲಿಂಬೆಹುಳಿ ಪೆಪ್ಪರಮಿಂಟು ಇತ್ತು, ಅಪ್ಪ ಪಕ್ಕದಲ್ಲಿದ್ದ. ಆ ನೆನಪಿನಲ್ಲಿ ಅವ್ವ ಎಲ್ಲಿಯೂ ಇರಲಿಲ್ಲ. ಅವಳು ನನ್ನ ಹಿಂದೆ ಎಲ್ಲೋ ತಯಾರಾಗುತ್ತಿರಬೇಕು ಎಂದು ನಾನೇ ಹೊಂದಿಸಿಕೊಂಡಿದ್ದೆ. ಕ್ಯಾಮೆರಾದ ಪಕ್ಕ ನಿಂತ ನನ್ನನ್ನು ನೋಡಿದ್ದರೆ ಅವಳ ನೋಟ ಸ್ವಲ್ಪ ಪಕ್ಕಕ್ಕೆ ಸರಿಯಬೇಕಿತ್ತಲ್ಲ, ನೆಟ್ಟಗೆ ಯಾಕಿದೆ ಎಂಬುದೂ ಕಸುಬು ಕಲಿತ ಮೇಲೆ ಹೊಳೆದಿತ್ತು. ಹೊಳೆದದ್ದನ್ನು ಅಲ್ಲಿಗೇ ಬಿಟ್ಟಿದ್ದೆ. ಜಗತ್ತಿನ ಎಲ್ಲ ಫೋಟೋಗಳ ಮೇಲೂ ಸಂಶಯ ಪಡಬಹುದಿತ್ತು, ಇದೊಂದರ ಮೇಲೆ ಬೇಡವಾಗಿತ್ತು. ಅವ್ವ ನನ್ನನ್ನು ನೋಡಿದ್ದಳು ಎನ್ನುವುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ.

ಸಣ್ಣವರಿದ್ದಾಗ ತಮ್ಮನ ಜೊತೆ ಜಗಳವಾದರೆ ನಾನು ಈ ಆಯುಧವನ್ನೇ ತೆಗೆಯುತ್ತಿದ್ದೆ. "ಅವ್ವ ನನ್ನ ನೋಡಾಕತ್ತಾಳ, ನಿನ್ನ ಅಲ್ಲ" ಎಂದು ಫೋಟೋಕ್ಕೆ ಅಡ್ಡ ನಿಲ್ಲುತ್ತಿದ್ದೆ. ಪಾಪ, ಅವನು ನನ್ನ ಆ ಕಡೆ ಈ ಕಡೆಯಿಂದ ಇಣುಕಿ, ಅವ್ವನ ಕಣ್ಣಿಗೆ ಬೀಳಲು ನೋಡುತ್ತಿದ್ದ. ಬಂಧುಗಳು ಬೇರೆ, ಬಂದವರೆಲ್ಲ ಫೋಟೋ ನೋಡಿ ನನ್ನ ಗಲ್ಲ ಹಿಡಿದು, "ಥೇಟ್ ಅವರವ್ವನ ಕಣ್ಣ ನೋಡ್ರಿ" ಎನ್ನುತ್ತಿದ್ದರು. ತಮ್ಮನ ಕಣ್ಣಿನ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ. ನನಗೆ ಕೋಡು ಮೂಡುತ್ತಿತ್ತು.

ಈ ವರ್ಷ ತಮ್ಮ ಹಳಿಯಾಳದಲ್ಲೇ ಹೊಸ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಮುಂಚೆ ಬಂದು, "ಅಕ್ಕಾ, ಅವ್ವನ ಫೋಟೋ ದೊಡ್ಡದು ಮಾಡಿ ಕೊಡ. ಒಳಗ ಕಾಲಿಡೂದಕ್ಕ ಮೊದಲ ಅಕಿ ಗ್ವಾಡಿ ಮ್ಯಾಲ ಇರಬೇಕು" ಎಂದ. ಹೇಗೂ ಫೋಟೋದ ಅಂಚಿಗೆ ಬೂಸು ಹಿಡಿದು ಕಲೆಯಾಗಿತ್ತು, ಬಿಚ್ಚಿ ಸ್ಕ್ಯಾನ್ ಮಾಡಿ ಸ್ವಚ್ಛ ಮಾಡೋಣ ಎಂದುಕೊಂಡೆ. ಅಪ್ಪ ಮಾತ್ರ ಅಡ್ಡಬಂದ.

"ಬ್ಯಾಡ. ಹಳೇ ಕಟ್ಟ ಐತಿ. ಬಿಚ್ಚಿದ್ರ ಹರದ ಹೋಗತೈತಿ."

"ಅಪ್ಪಾ, ಇದಕ್ಕಿಂತ ಹಳೇವು ಬಿಚ್ಚೀನಿ. ನನಗ ಕಲಸ್ತೀಯೇನ?"

"ಮೊಬೈಲಿನ್ಯಾಗ ತಗದ ಕೊಡ. ಅಷ್ಟ ಸಾಕ."

ನನ್ನ ಅಪ್ಪ ಜೀವಮಾನವಿಡೀ ದಾಂಡೇಲಿಯ ಮಿಲ್ಲಿನಲ್ಲಿ ದುಡಿದವನು, ಒಂದು ವಸ್ತುವಿನ ಮೇಲೆ ಹೀಗೆ ಹಟ ಹಿಡಿದದ್ದನ್ನು ನಾನು ಕಂಡಿಲ್ಲ. ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮರುದಿನ ಸ್ಟುಡಿಯೋದಿಂದ ಮನೆಗೆ ಬಂದರೆ ಗೋಡೆಯ ಮೇಲೆ ಬರೀ ಮೊಳೆ! ಫೋಟೋ ಎಲ್ಲಿ ಎಂದೆ. "ಗ್ವಾಡಿಗೆ ಗೆದ್ದಲ ಹತ್ತೈತಿ, ತಗದ ಟ್ರಂಕಿನ್ಯಾಗ ಇಟ್ಟೀನಿ" ಎಂದು ನನ್ನ ಮುಖ ನೋಡದೆ ಹೇಳಿದ. ನಾನು ಗೋಡೆಗೆ ಮೂಗು ತಾಗಿಸಿ ನೋಡಿದೆ, ಉಗುರಿನಿಂದ ಗೀರಿದೆ. ಗೆದ್ದಲಿನ ಒಂದು ಎಳೆಯೂ ಇರಲಿಲ್ಲ.

ಅಲ್ಲಿಂದ ಸಂಶಯ ನನ್ನನ್ನು ಕೂಡಗೊಡಲಿಲ್ಲ. ಫೋಟೋದ ಹಿಂದೆ ಏನಾದರೂ ಬರೆದಿದೆಯೇ? ಅವ್ವನ ಪಕ್ಕ ಇನ್ನಾರಾದರೂ ಇದ್ದರೇ? ಕೊನೆಗೆ ಬರಬಾರದ ಸಂಶಯವೂ ಬಂತು. ಇವಳು ನಮ್ಮ ಅವ್ವನೇ ಹೌದೋ ಅಲ್ಲವೋ? ಯಾರದೋ ಫೋಟೋ ತಂದು ತೂಗುಹಾಕಿ, ಇವಳೇ ನಿಮ್ಮವ್ವ ಎಂದು ನಮ್ಮಿಬ್ಬರನ್ನು ಬೆಳೆಸಿದನೇ ಈ ಮನುಷ್ಯ? ರೊಟ್ಟಿ ಬಡಿಯುತ್ತ ಅಪ್ಪನ ಬೆನ್ನನ್ನೇ ನೋಡಿದೆ. ನನ್ನ ಅಪ್ಪನೇ ನನಗೆ ಪರಕೀಯನಂತೆ ಕಂಡ, ಅದು ನನಗೆ ಹಿಡಿಸಲಿಲ್ಲ, ಆದರೂ ನೋಡುವುದನ್ನು ಬಿಡಲಾಗಲಿಲ್ಲ.

ಬೆಳಿಗ್ಗೆ ಅಪ್ಪ ಬಸ್‌ಸ್ಟ್ಯಾಂಡಿನ ಕಡೆ ಚಹಾಕ್ಕೆ ಹೋಗುತ್ತಾನೆ, ಹಳೆಯ ಗೆಳೆಯರ ಜೊತೆ ಹರಟಿ ಸಾವಕಾಶ ಬರುತ್ತಾನೆ. ಅವತ್ತು ಅವನು ಹೊಸ್ತಿಲು ದಾಟಿದ್ದೇ ತಡ, ಟ್ರಂಕು ತೆಗೆದು, ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಸ್ಟುಡಿಯೋಗೆ ಓಡಿದೆ. ಸ್ವಂತ ಮನೆಯಲ್ಲೇ ಕಳ್ಳಿಯಾದೆ ನೋಡಿ. ಅರ್ಧ ಬಾಗಿಲು ಹಾಕಿಕೊಂಡು ಹಿಂದಿನ ಮೊಳೆಗಳನ್ನು ಒಂದೊಂದೇ ಕಿತ್ತೆ. ಗಾಜು ಸರಿಸಿದೆ. ಫೋಟೋದ ಸುತ್ತ ಕೂಡಿಸಿದ್ದ ರಟ್ಟಿನ ಚೌಕಟ್ಟನ್ನು ಎತ್ತಿದೆ.

ರಟ್ಟಿನಡಿ ಇಷ್ಟು ವರ್ಷ ಮುಚ್ಚಿಹೋಗಿದ್ದ ಅಂಚಿನಲ್ಲಿ, ಅವ್ವನ ತೋಳಿನ ಹತ್ತಿರ, ಏನೋ ಬೆಳ್ಳಗೆ ಕಂಡಿತು. ಮೊದಲು ಬೂಸಿನ ಕಲೆ ಎಂದುಕೊಂಡೆ. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ. ಬೆರಳುಗಳು. ಹಿಂದಿನಿಂದ ಬಂದು ಅವಳ ತೋಳನ್ನು ಬಿಗಿಯಾಗಿ ಹಿಡಿದಿದ್ದ ಗಂಡಸಿನ ಬೆರಳುಗಳು. ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಆ ಉಗುರು ನನಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ಕಟ್ಟಿಗೆ ಒಡೆಯುವಾಗ ಕೊಡಲಿ ತಾಗಿ ಸೀಳಿದ ಅಪ್ಪನ ಉಗುರು ಅದು.

ಬದುಕಿರುವ ಹೆಂಡತಿ ಸ್ಟುಡಿಯೋದಲ್ಲಿ ಕೂತಿದ್ದರೆ ಗಂಡ ಹಿಂದೆ ಅಡಗಿ ಯಾಕೆ ಹಿಡಿದುಕೊಳ್ಳಬೇಕು? ಉತ್ತರ ಗೊತ್ತಿತ್ತು. ಗೊತ್ತಿದ್ದರೂ ಕೈ ನಿಲ್ಲಲಿಲ್ಲ. ಕಣ್ಣಿಗೆ ಹೋದೆ. ಕೆನ್ನೆಯ ಮೇಲೆ ಹಳೆಯ ಫಿಲ್ಮಿನ ಕಾಳು ಕಾಳು ಸ್ಪಷ್ಟವಾಗಿತ್ತು, ರೆಪ್ಪೆಯ ಹತ್ತಿರ ಬಂದಂತೆ ಕಾಳು ಮಾಯವಾಗಿ, ನುಣ್ಣಗೆ, ಕುಂಚ ಎಳೆದ ಗುರುತಾಯಿತು. ಮೂಗಿನ ನೆರಳು ಬಲಕ್ಕೆ. ಕಣ್ಣಿನ ಚುಕ್ಕಿ? ಅದೂ ಬಲಕ್ಕೆ! ಎಷ್ಟೋ ಮನೆಗಳಲ್ಲಿ ಕಂಡು ತುತ್ತಿನ ಜೊತೆ ನುಂಗಿದ ತಪ್ಪು ನನ್ನ ಅವ್ವನ ಮುಖದಲ್ಲೇ ಕೂತಿತ್ತು. ಅವ್ವ ನನ್ನನ್ನು ನೋಡುತ್ತಿರಲಿಲ್ಲ. ಅವ್ವನ ಕಣ್ಣು ಮುಚ್ಚಿದ್ದವು.

ಒಂದು ಮಾತ್ರ ವಿಚಿತ್ರವಾಗಿತ್ತು. ಕುಂಚದವರು ಸಾಮಾನ್ಯವಾಗಿ ದುಂಡನೆಯ ಒಂದು ಬಿಳಿ ಚುಕ್ಕಿ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ದುಂಡಗಿರಲಿಲ್ಲ. ಉದ್ದನೆಯ ಚೌಕ, ನಡುವೆ ಕೂದಲೆಳೆಯಂಥ ಒಂದು ಕಪ್ಪು ಗೆರೆ, ಎರಡು ಕದದ ಬಾಗಿಲಿನ ಹಾಗೆ. ಎರಡೂ ಕಣ್ಣಲ್ಲಿ ಅದೇ ಬಾಗಿಲು. ಮನಸ್ಸಿನಿಂದ ಬರೆದವನು ಇಷ್ಟು ಸಣ್ಣದನ್ನು ಬರೆಯುವುದಿಲ್ಲ, ನೋಡಿ ಬರೆದವನು ಮಾತ್ರ ಬರೆಯುತ್ತಾನೆ. ಯಾವ ಕಣ್ಣು ನೋಡಿ ಬರೆದ ಇವನು?

ಸ್ಟುಡಿಯೋಗೆ ಬೀಗ ಹಾಕಿ ಮನೆಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ದೊಡ್ಡದು ಮಾಡಿದ ಪ್ರಿಂಟನ್ನು ಅವನ ಮುಂದೆ ಹಿಡಿದೆ.

"ಇವು ಯಾರ ಬೆರಳ?"

ಅಪ್ಪ ನೋಡಿದ. ಶೇಂಗಾ ಹಿಡಿದ ಕೈಯನ್ನು ಮೆಲ್ಲಗೆ ಧೋತರದ ಮಡಿಕೆಯೊಳಗೆ ಸೇರಿಸಿಕೊಂಡ. ಅದನ್ನು ಕಂಡು ನನ್ನ ಸಿಟ್ಟು ನೆತ್ತಿಗೇರಿತು.

"ಮುಚ್ಚಬ್ಯಾಡ. ಇದು ಮಳಗ್ಯಾಗ, ಅವ್ವ ಹೋದ ದಿನಾ ತಗದದ್ದು. ಹೌದೋ ಅಲ್ಲೋ?"

"ಹೌದು."

"ಸೋಮವಾರ, ಪೂಜಿ, ಕ್ಯಾಮೆರಾದ ಬಾಜೂಕ ನಾನು... ಎಲ್ಲಾ ಸುಳ್ಳ. ಹೌದಲ್ಲ? ಊರ ಮಂದಿ ಸುಳ್ಳ ಹಿಡ್ಯಾಕಿ ಅಂತ ನಾ ಮೆರದೇನಿ, ನನ್ನ ಮನ್ಯಾಗ ನೀ ಇಂಥಾದ್ದ ತೂಗಹಾಕಿದ್ದಿ!"

ಅಪ್ಪ ಶೇಂಗಾ ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ. ಅವನ ಮಾತನ್ನು ಅವನು ಹೇಳಿದಂತೆಯೇ ಬರೆಯುತ್ತೇನೆ.

"ಅಕಿನ್ನ ಕೂಡಿಸಿದಾಗ ನೀ ಅಕಿ ಮುಂದ ಬಂದ ಕುಂತಿ. ಒಂದ ಸವನ ಅಂತಿದ್ದಿ, 'ಅವ್ವಗ ಕಣ್ಣ ತಗಿ ಅನ್ರಿ, ಅವ್ವಗ ಕಣ್ಣ ತಗಿ ಅನ್ರಿ.' ಮಂದಿ ಎತ್ತಿಕೊಂಡ ಹ್ವಾದ್ರ ಮತ್ತ ಓಡಿ ಬರತಿದ್ದಿ. ಮಣ್ಣ ಮಾಡಿ ಬಂದ ಮ್ಯಾಲೂ ಬಿಡಲಿಲ್ಲ. ಊಟ ಬಿಟ್ಟಿ, ಮಲಗೂದು ಬಿಟ್ಟಿ. ನಾ ಏನ ಮಾಡ್ಲಿ ಯವ್ವಾ? ಫೋಟೋದಾಗರ ಕಣ್ಣ ತಗಸ್ತೀನಿ ಅಂತ ನಿನ್ನ ಬಗಲಾಗ ಎತ್ತಿಕೊಂಡು ಮುಂಡಗೋಡಕ್ಕ ಹ್ವಾದೆ. ಸ್ಟುಡಿಯೋದ ಚಾಚಾ ಕೇಳಿದ್ರು, ಅವರ ಕಣ್ಣ ಹೆಂಗಿದ್ದುವು, ಮತ್ತೊಂದ ಫೋಟೋ ಐತೇನು ಅಂತ. ಎಲ್ಲಿಂದ ತರ್ಲಿ? ಇಕಿ ಕಣ್ಣ ಥೇಟ್ ಅವರವ್ವನ ಕಣ್ಣ ಅದಾವ್ರಿ ಅಂತ ನಿನ್ನ ಮುಂದ ಮಾಡಿದೆ. ಅವರು ನಿನ್ನ ಬಾಗಲಾ ಕಡೆ ಮುಖಾ ಮಾಡಿ ಸ್ಟೂಲಿನ ಮ್ಯಾಲ ನಿಂದ್ರಿಸಿದ್ರು. ಕೈಯಾಗ ಪೆಪ್ಪರಮಿಂಟ ಕೊಟ್ರು. ನಿನ್ನ ಕಣ್ಣ ನೋಡಕೋತ, ನೋಡಕೋತ ಬರದ್ರು."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ರೆಪ್ಪಿ ಬಡೀಬ್ಯಾಡ ಬೇಟಿ. ನನ್ನ ನೆನಪು ಸುಳ್ಳಾಗಿರಲಿಲ್ಲ, ಅದರಲ್ಲಿ ಅವ್ವ ಇರಲಿಲ್ಲ ಅಷ್ಟೇ. ಆ ಬಾಗಿಲು ನನ್ನ ಕಣ್ಣಲ್ಲಿ ಮೂಡಿದ್ದ ಬಾಗಿಲು. ನಾನು ಅವ್ವನ ಕಣ್ಣು ಇಟ್ಟುಕೊಂಡು ಹುಟ್ಟಿದವಳೆಂದು ಬಂಧುಗಳೆಲ್ಲ ಗಲ್ಲ ಹಿಡಿದದ್ದು ಯಾವ ಕಣ್ಣು ನೋಡಿ? ನನ್ನ ಕಣ್ಣನ್ನೇ ನೋಡಿ, ನನಗೇ ಹೇಳುತ್ತಿದ್ದರಲ್ಲ! ನಗು ಬಂತು. ನಗುತ್ತ ಇದ್ದವಳಿಗೆ ಅಳು ಬಂತು. ಅವ್ವನ ಕಣ್ಣು ಹೇಗಿದ್ದವೆಂದು ಇನ್ನು ನನಗೆ ಎಂದೂ ಗೊತ್ತಾಗುವುದಿಲ್ಲ.

"ಅಪ್ಪಾ, ಖರೇನ ಹಂಗ ಇದ್ದುವೇನ ಅಕಿ ಕಣ್ಣ? ನನ್ನಂಗ?"

"ಈಗ ನನಗೂ ತಿಳ್ಯಾಂಗಿಲ್ಲವಾ" ಎಂದ ಅಪ್ಪ. "ಇಷ್ಟ ವರ್ಸ ಈ ಫೋಟೋನ ನೋಡೇನಿ. ಮೊದಲಿನವು ಹೆಂಗಿದ್ದುವು ಅನ್ನೂದು ಅಳಿಸಿಹೋಗೇತಿ."

ಇದನ್ನು ಮುಚ್ಚಿಡಲು ಟ್ರಂಕಿನಲ್ಲಿ ಇಟ್ಟೆಯಾ ಎಂದು ಕೇಳಿದೆ. ಹೌದೆಂದ. ನೀನು ದೊಡ್ಡದು ಮಾಡಿ ನೋಡುತ್ತೀ ಎನ್ನುವ ಅಂಜಿಕೆ ನೀನು ಸ್ಟುಡಿಯೋ ಹಾಕಿದ ದಿನದಿಂದಲೂ ಇತ್ತು ಎಂದ. ಮನೆಯಲ್ಲಿ ಅವನ ಮುಂದೆ ಎಷ್ಟು ಸಲ ನಾನು ಜಂಬ ಕೊಚ್ಚಿಕೊಂಡಿದ್ದೆ, ಇವತ್ತು ಇಂಥವನ ಸುಳ್ಳು ಹಿಡಿದೆ, ನಾಳೆ ಅಂಥವನದು ಹಿಡಿಯುತ್ತೇನೆ ಎಂದು. ಪ್ರತಿ ಸಲವೂ ಈ ಮುದುಕ ತುತ್ತು ಕೈಯಲ್ಲಿ ಹಿಡಿದು ಗೋಡೆ ನೋಡುತ್ತಿದ್ದನೋ ಏನೋ.

ಮುಂದಿನ ಕೆಲಸ ಸ್ಟುಡಿಯೋದಲ್ಲಿ ನನ್ನೊಬ್ಬಳದೇ. ಬೂಸಿನ ಕಲೆ ತೆಗೆದೆ. ಮಡಿಕೆ ಬಿದ್ದ ಗೀರುಗಳನ್ನು ಮುಚ್ಚಿದೆ. ಕಣ್ಣಿಗೆ ಬಂದಾಗ ಕೈ ತುರಿಸಿತು. ಆ ಬೆಳಕನ್ನು ಬಲದಿಂದ ಎಡಕ್ಕೆ ಸರಿಸಿಬಿಟ್ಟರೆ ಸಾಕು, ನನ್ನಂಥ ಇನ್ನೊಂದು ಪಿಶಾಚಿ ಬಂದು ನೋಡಿದರೂ ತಪ್ಪು ಹಿಡಿಯಲಾರದು. ನನಗೆ ಅದು ಚಿಟಿಕೆ ಹೊಡೆದಷ್ಟು ಸುಲಭ. ಸರಿಸಲಿಲ್ಲ. ನೆರಳು ಒಂದು ಕಡೆ, ಬೆಳಕು ಇನ್ನೊಂದು ಕಡೆ, ಹಾಗೇ ಬಿಟ್ಟೆ. ಮಳಗಿಯ ಅಜ್ಜಿಯ ಮನೆಯ ಬೆಳಕು ಮುಖದ ಮೇಲೆ, ಮುಂಡಗೋಡದ ಬಾಗಿಲಿನ ಬೆಳಕು ಕಣ್ಣಿನಲ್ಲಿ, ಎರಡೂ ಖರೆ ಬೆಳಕೇ. ರಟ್ಟಿನ ಚೌಕಟ್ಟನ್ನೂ ಹಾಕಲಿಲ್ಲ. ಅಪ್ಪ ನೋಡಿ, "ಬೆರಳ ಮುಚ್ಚ" ಎಂದ. "ಇರ್ಲಿ ಬಿಡ. ಅಷ್ಟೊತ್ತು ಹಿಡದೀ, ಈಗ್ಯಾಕ ಬಿಡ್ತಿ?" ಎಂದೆ.

ವಾಸ್ತುಶಾಂತಿಯ ದಿನ ತಮ್ಮನ ಹೊಸ ಪಡಸಾಲೆಯಲ್ಲಿ ಅವ್ವನನ್ನು ತೂಗುಹಾಕಿದೆವು. ಅವನು ಕೈಕಟ್ಟಿಕೊಂಡು ಎದುರು ನಿಂತ. ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ, ಒಳಗೆ ಹೋಳಿಗೆ ಬೇಯುತ್ತಿತ್ತು. ನಾನು ಗೋಡೆಗೆ ಒರಗಿ ಅವನ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಗೊತ್ತು ಹಿಡಿದಾನೋ ಎಂದು ನನಗೇ ಈಗ ಅಂಜಿಕೆ.

"ಅಕ್ಕಾ, ಈ ಬೆರಳ ಯಾರದು? ಮೊದಲ ಇದ್ದಿದ್ದಿಲ್ಲ."

"ಅಪ್ಪಂದು. ರಟ್ಟಿನ್ಯಾಗ ಮುಚ್ಚಿತ್ತು."

"ಅಪ್ಪ ಹಿಂದ ಇದ್ನೇನ?"

"ಹಿಂದ ಇದ್ದ."

ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಅಪ್ಪ ತಲೆ ತಗ್ಗಿಸಿದ. ತಮ್ಮ ಆ ಕಡೆ ಒಂದು ಹೆಜ್ಜೆ ಸರಿದ, ಈ ಕಡೆ ಒಂದು ಹೆಜ್ಜೆ ಸರಿದ, ಸಣ್ಣವನಿದ್ದಾಗ ಮಾಡುತ್ತಿದ್ದ ಹಾಗೆಯೇ. ಮನೆ ಕಟ್ಟಿಸಿದ ಗಂಡಸು ಎನ್ನುವುದನ್ನು ಮರೆತಿದ್ದ.

"ಕಣ್ಣಿಗೆ ಏನರ ಮಾಡೀಯೇನ ಅಕ್ಕಾ?"

"ಮುಟ್ಟಿಲ್ಲ. ಯಾಕ?"

"ಯಾ ಕಡೆ ನಿಂತ್ರೂ ನನ್ನ ನೋಡಿದಂಗ ಆಗತೈತಿ. ಸಣ್ಣಾವಿದ್ದಾಗ ನೀ ಅಡ್ಡ ನಿಂದ್ರತಿದ್ದಿ ನೋಡ, ತಿಳೀತಿದ್ದಿಲ್ಲ. ಖರೇನ ನನ್ನ ನೋಡಾಕತ್ತಾಳೇನ ಅಕಿ?"

"ನಿನ್ನನ್ನ ನೋಡಾಕತ್ತಾಳೋ ಹುಚ್ಚಾ" ಎಂದೆ. ಅದರಲ್ಲಿ ಸುಳ್ಳಿರಲಿಲ್ಲ. ಆ ಕಣ್ಣು ನನ್ನವು, ನಾನು ಅವನನ್ನೇ ನೋಡುತ್ತಿದ್ದೆ.